ಅವರು ಕೇಳಲಿಲ್ಲ, ನಾನು ಹೇಳಲಿಲ್ಲ

2023ರ ಅಕ್ಟೋಬರಿನಲ್ಲಿ ನನ್ನ ಹಳೇ ಕಾರನ್ನು ಎಂಬತ್ತೈದು ಸಾವಿರಕ್ಕೆ ಮಾರಿದೆ. 2007ರ ಮಾಡೆಲ್, ಪೆಟ್ರೋಲು, ಕಿಟಕಿ ಗಾಜನ್ನು ಕೈಯಲ್ಲೇ ತಿರುಗಿಸಿ ಇಳಿಸಬೇಕಾದ ಕಾಲದ ಗಾಡಿ. ಕಂಪನಿ ಹೆಸರು ಬೇಡ, ಇಲ್ಲಿ ಆಗಿದ್ದಕ್ಕೆಲ್ಲ ಕಂಪನಿ ಕಾರಣವಲ್ಲ. ಮಾರುವಾಗ ಕೊಳ್ಳುವವರಿಗೆ ಒಂದು ಮಾತು ಹೇಳಬೇಕಿತ್ತು. ಹೇಳಲಿಲ್ಲ. ಸರಿಯಾಗಿ ಹೇಳಬೇಕೆಂದರೆ ಅರ್ಧ ಹೇಳಿದೆ. ಪೂರ್ತಿ ಹೇಳದೇ ಇದ್ದಿದ್ದರೆ ಇಷ್ಟು ಕಾಡುತ್ತಿರಲಿಲ್ಲವೇನೋ, ಆ ಅರ್ಧ ಇದೆಯಲ್ಲ, ಅದು ನಿದ್ದೆ ಕೆಡಿಸಿತು.

ಮೊದಲು ಕಾರು ನನ್ನ ಕೈಗೆ ಬಂದದ್ದು ಹೇಗೆ ಅಂತ ಹೇಳಿಬಿಡುತ್ತೇನೆ.

2017ರಲ್ಲಿ ಕೊಂಡದ್ದು. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಊರು ತಿಪಟೂರಿನಿಂದ ಆಚೆ, ಬಸ್ಸಿಳಿದು ಮೂರು ಕಿಲೋಮೀಟರ್ ನಡೆಯಬೇಕು. ಅಪ್ಪ ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆತರುವುದು, ವಾಪಸ್ ಬಿಡುವುದು ಹೆಚ್ಚಾಗುತ್ತಿತ್ತು. ಹೊಸ ಕಾರಿಗೆ ಸಾಲ ಮಾಡಲು ಧೈರ್ಯವಿರಲಿಲ್ಲ. ಬೆಂಗಳೂರಿನದೇ ಒಬ್ಬ ಸಂಭಾವಿತರು, ಮನೆಗೆ ಕರೆದು ಕಾಫಿ ಕೊಟ್ಟು, 1.30 ಲಕ್ಷಕ್ಕೆ ಒಪ್ಪಿಸಿದರು. ನಾನು ಟೈರು ಒದ್ದು ನೋಡಿದೆ, ಬಾನೆಟ್ ಎತ್ತಿ ಗಂಭೀರವಾಗಿ ತಲೆಯಾಡಿಸಿದೆ. ಕೀಲಿ ತಿರುಗಿಸಿದ ತಕ್ಷಣ ರೇಡಿಯೇಟರ್ ಫ್ಯಾನು ಗುರ್ರ್ ಅಂತ ಶುರುವಾಯಿತು. 'ಇದು ಯಾವಾಗಲೂ ಓಡ್ತಾನೇ ಇರುತ್ತಾ ಸಾರ್?' ಅಂದೆ. 'ಹೌದು, ಅದೇ ಒಳ್ಳೇದು, ಇಂಜಿನ್ ತಣ್ಣಗಿರುತ್ತೆ' ಅಂದರು. ನನಗೂ ಹೌದಲ್ಲ ಅನ್ನಿಸಿತು. ಇಂಜಿನಿಯರಿಂಗ್ ಓದಿದ್ದೆ ಅನ್ನೋದನ್ನು ಇಲ್ಲಿ ನೆನಪಿಸಿಕೊಳ್ಳಲು ನಾಚಿಕೆಯಾಗುತ್ತದೆ.

ಅದೇ ವರ್ಷ ಮೇ ತಿಂಗಳು. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆಗಿ ಮೂರು ದಿನವಾಗಿತ್ತು. ಊರಿಗೆ ಬಿಡಲು ಹೊರಟಿದ್ದೆ. ಅಮ್ಮ ಹಿಂದೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದಳು, ಪಕ್ಕದಲ್ಲಿ ಅಪ್ಪ. ದಾಬಸ್‌ಪೇಟೆ ದಾಟುತ್ತಿದ್ದ ಹಾಗೆ ಟೆಂಪರೇಚರ್ ಮುಳ್ಳು ನಡುವಿನಿಂದ ಮೇಲೆ ಏರತೊಡಗಿತು. ಕೆಂಪಿನ ಹತ್ತಿರ ಹೋಯಿತು. ಎಲ್ಲಾದರೂ ನೆರಳಿದ್ದರೆ ನಿಲ್ಲಿಸೋಣ ಅಂದುಕೊಳ್ಳುವಷ್ಟರಲ್ಲಿ ತಾನಾಗಿಯೇ ಇಳಿಯಿತು. ಪೂರಾ ಕೆಳಗೆ. 'ಸರಿಹೋಯ್ತು' ಅಂತ ಅಪ್ಪನಿಗೆ ಹೇಳಿದೆ. ಇನ್ನೂ ಐದಾರು ಕಿಲೋಮೀಟರ್ ಓಡಿಸಿದೆ. ಆಮೇಲೆ ಗಾಡಿಯ ಶಕ್ತಿ ಉಡುಗಿತು, ಒಳಗಿನಿಂದ ಟಕಟಕ ಸದ್ದು, ಸುಟ್ಟ ವಾಸನೆ, ನಿಂತೇಹೋಯಿತು.

ಹಿಂದೆ ಬರುತ್ತಿದ್ದ ಲಾರಿಯವರೊಬ್ಬರು ನಿಲ್ಲಿಸಿದರು. ನಾನು ರೇಡಿಯೇಟರ್ ಮುಚ್ಚಳಕ್ಕೆ ಕೈ ಹಾಕಹೊರಟಿದ್ದನ್ನು ನೋಡಿ ಕೂಗಿದರು: 'ಮುಟ್ಬೇಡಿ, ಮುಖ ಬೆಂದೋಗುತ್ತೆ!' ಮುಳ್ಳು ಇಳಿದಿತ್ತಲ್ಲ ಅಂತ ನಾನು ಹೇಳಿದ್ದಕ್ಕೆ ಅವರು ನನ್ನನ್ನು ಒಂಥರಾ ನೋಡಿದರು. 'ಮೀಟ್ರು ತೋರ್ಸೋದು ನೀರಿನ ಬಿಸಿ ಸಾರ್. ನೀರೇ ಇಲ್ಲಾ ಅಂದ್ಮೇಲೆ ಅದು ಏನು ತೋರ್ಸುತ್ತೆ?'

ಅಮ್ಮ ಹುಣಸೆಮರದ ಕೆಳಗೆ ಎರಡು ಗಂಟೆ ಕೂತಿದ್ದಳು. ಧೂಳು ಬೀಳಬಾರದು ಅಂತ ಡಾಕ್ಟರು ಹೇಳಿದ್ದರು. ಅಪ್ಪ ಟವೆಲ್ಲನ್ನು ಅವಳ ಮುಖದ ಮುಂದೆ ಹಿಡಿದುಕೊಂಡೇ ನಿಂತಿದ್ದ. ಕಣ್ಣಿಗೆ ಏನೂ ಆಗಲಿಲ್ಲ, ಪುಣ್ಯ. ಆದರೆ ಆ ಟವೆಲ್ಲು ಹಿಡಿದ ಕೈ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಬೆಂಗಳೂರಿನ ಮೆಕ್ಯಾನಿಕ್ ಇಂಜಿನ್ ಬಿಚ್ಚಿದಾಗ ಒಂದೊಂದಾಗಿ ಹೊರಬಂತು. ಫ್ಯಾನಿಗೆ ಯಾರೋ ಕೀಲಿಯಿಂದ ಡೈರೆಕ್ಟ್ ವೈರು ಎಳೆದಿದ್ದರು. ನ್ಯಾಯವಾಗಿ ಅದು ನೀರು ತೊಂಬತ್ತು ಡಿಗ್ರಿ ದಾಟಿದ ಮೇಲೆ ಸ್ವಿಚ್ಚಿನ ಮಾತು ಕೇಳಿ ಶುರುವಾಗಬೇಕಾದ ಫ್ಯಾನು. ಥರ್ಮೋಸ್ಟಾಟ್ ಇರಬೇಕಾದ ಜಾಗ ಖಾಲಿ. ರೇಡಿಯೇಟರ್ ಒಳಗೆ ಅರ್ಧಕ್ಕರ್ಧ ಕಟ್ಟಿಕೊಂಡಿತ್ತು, ಬೋರ್‌ವೆಲ್ ನೀರಿನ ಸುಣ್ಣ, ತುಕ್ಕು, ಸೋರಿಕೆ ನಿಲ್ಲಿಸಲು ಹಾಕುವ ಪುಡಿಯ ಗಸಿ. ಹಳ್ಳಿ ಕಡೆ ಡ್ರೈವರುಗಳು ಇದೇ ಕೆಲಸಕ್ಕೆ ಅರಿಶಿನದ ಪುಡಿ ಹಾಕುತ್ತಾರೆ, ಒಂದು ಊರು ಮುಟ್ಟಿಸಲು ಅದು ಸಾಕು. ವರ್ಷಗಟ್ಟಲೆ ಹಾಕಿದರೆ ಸಣ್ಣ ತೂತಿನ ಜೊತೆ ಸಣ್ಣ ನಾಳಗಳೂ ಮುಚ್ಚುತ್ತವೆ. ಇಷ್ಟರ ಮೇಲೆ ಕೆಳಗಿನ ಹೋಸ್ ಪೈಪು ಕೊಳೆತು ಆವತ್ತು ಹೆದ್ದಾರಿಯಲ್ಲಿ ಒಡೆದಿತ್ತು. ಅಲ್ಯುಮಿನಿಯಂ ಹೆಡ್ಡು ಸೊಟ್ಟಗಾಗಿತ್ತು. ಮೆಕ್ಯಾನಿಕ್ ಅದರ ಮೇಲೆ ಉಕ್ಕಿನ ಪಟ್ಟಿಯಿಟ್ಟು ಕೆಳಗೆ ತೆಳ್ಳನೆಯ ಗೇಜು ತೂರಿಸಿ ತೋರಿಸಿದ. ಕೂದಲೆಳೆಯಷ್ಟು ಸಂದು. ಅಷ್ಟು ಸಾಕು, ಹೆಡ್ ಗ್ಯಾಸ್ಕೆಟ್ ಹೋಗಲು. 'ಸಾರ್, ಇದು ಮುಂಚೆನೂ ಒಂದ್ಸಲ ಬೆಂದಿದೆ. ಹೆಡ್ ಫೇಸಿಂಗ್ ಮಾಡ್ಸಿದ ಗುರುತಿದೆ ನೋಡಿ. ಮಾರಿದೋರಿಗೆ ಎಲ್ಲಾ ಗೊತ್ತಿತ್ತು.'

ಇಪ್ಪತ್ತೆಂಟು ಸಾವಿರ ಆಯಿತು. ಮಾರಿದವರಿಗೆ ಫೋನು ಮಾಡಿ ಬಯ್ಯಬೇಕು ಅಂತ ಎರಡು ಸಲ ನಂಬರ್ ತೆಗೆದೆ. ಮಾಡಲಿಲ್ಲ. ಅವರು ಸುಳ್ಳು ಹೇಳಿದ್ದರೇ? ಇಂಜಿನ್ ಬೆಂದಿಲ್ಲ ಅಂತ ಅವರು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಆಮೇಲಿನ ಐದಾರು ವರ್ಷ ಆ ಕಾರಿನ ಕೂಲಿಂಗ್ ಸಿಸ್ಟಮ್ಮು ನನಗೊಂದು ವ್ರತವಾಯಿತು. ಭಾನುವಾರ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಬಾನೆಟ್ ಎತ್ತುವುದು, ಪಕ್ಕದ ಡಬ್ಬಿಯಲ್ಲಿ ಕೂಲೆಂಟ್ ಎರಡು ಗೆರೆಗಳ ನಡುವೆ ಇದೆಯಾ ನೋಡುವುದು, ಹೋಸುಗಳನ್ನು ಹಿಸುಕಿ ನೋಡುವುದು. ಒಳ್ಳೆ ಹೋಸು ಎಳೆ ಬದನೆಕಾಯಿ ಥರ ಇರಬೇಕು, ಗಟ್ಟಿಯಿದ್ದೂ ಒತ್ತಿದರೆ ಬಗ್ಗಬೇಕು. ಇಂಜಿನ್ ಆಯಿಲ್ ಮುಚ್ಚಳದ ಒಳಗಡೆ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ ಕಟ್ಟಿದ್ದರೆ ನೀರು ಆಯಿಲಿಗೆ ಸೇರುತ್ತಿರಬಹುದು ಅಂತ ಸಂಶಯಪಡಬೇಕು.

ಓದುತ್ತಾ ಹೋದಂತೆ ಆಶ್ಚರ್ಯಗಳೂ ಸಿಕ್ಕವು. ಬಿಸಿಯನ್ನು ಹೊತ್ತೊಯ್ಯುವುದರಲ್ಲಿ ಬರೀ ನೀರು ಕೂಲೆಂಟಿಗಿಂತ ಮೇಲು. ಹಾಗಾದರೆ ನಮ್ಮಂಥ ಹಿಮ ಬೀಳದ ಊರಿನಲ್ಲಿ ಕೂಲೆಂಟ್ ಯಾಕೆ? ತುಕ್ಕು ಹಿಡಿಯದಂತೆ ಕಾಯುವ ಮದ್ದು ಅದರಲ್ಲಿದೆ, ಕುದಿಯುವ ಮಟ್ಟವನ್ನೂ ಸ್ವಲ್ಪ ಮೇಲೇರಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಇಂಜಿನ್ನಿನ ಒಳಗೆ ಹಾಗಾಗದೆ ಇರುವುದು ಮುಖ್ಯವಾಗಿ ರೇಡಿಯೇಟರ್ ಮುಚ್ಚಳದಿಂದ. ಅದರ ಸ್ಪ್ರಿಂಗು ಒತ್ತಡ ಹಿಡಿದಿಡುವುದರಿಂದ 110 ಡಿಗ್ರಿ ದಾಟಿದರೂ ನೀರು ನೀರಾಗಿಯೇ ಇರುತ್ತದೆ. ಇನ್ನೂರು ಮುನ್ನೂರು ರೂಪಾಯಿಯ ಮುಚ್ಚಳ, ಅದರ ರಬ್ಬರು ಬಿರಿದರೆ ಕಥೆ ಮುಗಿಯಿತು. ಥರ್ಮೋಸ್ಟಾಟ್ ಒಳಗಿರುವುದು ಮೇಣ. 82 ಡಿಗ್ರಿ ಸುಮಾರಿಗೆ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ, ಆರಿದರೆ ಮುಚ್ಚುತ್ತದೆ. ಕರೆಂಟಿಲ್ಲ, ಕೋಡಿಲ್ಲ. ಅದನ್ನು ಕಿತ್ತು ಬಿಸಾಡಿದರೆ ಇಂಜಿನ್ ಬೇಗ ಬಿಸಿಯೇರದೆ ಪೆಟ್ರೋಲು ಹೆಚ್ಚು ಕುಡಿಯುತ್ತದೆ. ಆದರೂ ನಮ್ಮಲ್ಲಿ ಅರ್ಧ ಗ್ಯಾರೇಜುಗಳ ಮೊದಲ ಸಲಹೆ ಅದೇ: 'ತೆಗೆದಾಕ್ಬಿಡಿ ಸಾರ್, ನಮ್ಮ ದೇಶಕ್ಕೆ ಅದು ಬೇಡ.'

2022ರ ಕೊನೆಯಲ್ಲಿ ಡಬ್ಬಿಯ ಮಟ್ಟ ಇಳಿಯತೊಡಗಿತು. ಎರಡು ತಿಂಗಳಿಗೆ ಕಾಲು ಲೀಟರು. ಎಲ್ಲಿಯೂ ಸೋರುತ್ತಿಲ್ಲ, ನೆಲದ ಮೇಲೆ ಹನಿ ಇಲ್ಲ. ಮೆಕ್ಯಾನಿಕ್ ಮುಚ್ಚಳ ತೆಗೆದಿಟ್ಟು ಇಂಜಿನ್ ಚಾಲೂ ಮಾಡಿ, ರೇಡಿಯೇಟರ್ ಬಾಯಲ್ಲಿ ಒಂದೊಂದೇ ಗುಳ್ಳೆ ಏಳುವುದನ್ನು ತೋರಿಸಿದ. ಹೆಡ್ಡು ಎಲ್ಲೋ ಸಣ್ಣಗೆ ಬಿಟ್ಟುಕೊಂಡಿದೆ. ಎರಡು ಸಲ ಫೇಸಿಂಗ್ ಆಗಿದೆ, ಇನ್ನೊಮ್ಮೆ ಉಜ್ಜಿಸಲು ಲೋಹ ಉಳಿದಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಬೇರೆ ಹೆಡ್ಡು ಸಿಕ್ಕರೆ ಸಿಗಬಹುದು, ಅದರ ಜಾತಕ ಯಾರಿಗೆ ಗೊತ್ತು. ಕೊನೆಗೆ ಅವನು ಹೇಳಿದ್ದು ಇದು: 'ನೋಡ್ಕೊಂಡು ಓಡ್ಸಿದ್ರೆ ಇನ್ನೂ ನಾಕೈದು ವರ್ಷ ಓಡುತ್ತೆ. ನೋಡ್ದೆ ಓಡ್ಸಿದ್ರೆ ಒಂದು ದಿನ ಸಾಕು.'

ನೋಡಿಕೊಂಡೇ ಓಡಿಸಿದೆ, ಒಂದು ವರ್ಷ. ಆಮೇಲೆ ಹೊಸ ಕಾರು ಬಂತು. ಹಳೆಯದನ್ನು ಮಾರುವುದು ಅಂತಾಯಿತು.

ಕೊಳ್ಳಲು ಬಂದವರು ಕುಣಿಗಲ್ ಕಡೆಯವರು, ಬೆಂಗಳೂರಿನಲ್ಲಿ ಎಲೆಕ್ಟ್ರಿಷಿಯನ್. ಹೆಂಡತಿ, ಆರು ವರ್ಷದ ಮಗಳ ಜೊತೆ ಬಂದಿದ್ದರು. ಮಗಳು ಹಿಂದಿನ ಸೀಟಿನಲ್ಲಿ ಕೂತು ಗಾಜು ಇಳಿಸಿ ಏರಿಸಿ ಇಳಿಸಿ ಏರಿಸಿ ಸಂಭ್ರಮಪಡುತ್ತಿದ್ದಳು. ಅವರು ಕಿಲೋಮೀಟರ್ ಕೇಳಿದರು, ಮೈಲೇಜ್ ಕೇಳಿದರು, ಇನ್ಶೂರೆನ್ಸ್ ನೋಡಿದರು, ಒಂದು ರೌಂಡು ಓಡಿಸಿದರು. ತೊಂಬತ್ತೈದರಿಂದ ಎಂಬತ್ತೈದಕ್ಕೆ ಇಳಿಸಿದರು. ಕೊನೆಗೆ ಕೇಳಿದರು: 'ಇನ್ನೇನಾದ್ರೂ ಹೇಳೋದಿದೆಯಾ ಸಾರ್?'

ನಾನು ಹೇಳಿದೆ: 'ಹಳೇ ಗಾಡಿ ನೋಡಿ, ಕೂಲೆಂಟ್ ಒಂದು ಆಗಾಗ ನೋಡ್ಕೋತಿರಿ.'

ಅವರು ತಲೆಯಾಡಿಸಿದರು. ಎಲ್ಲರೂ ಹೇಳುವ ಮಾತು, ಟೈರಿನ ಗಾಳಿ ನೋಡ್ಕೊಳ್ಳಿ ಅನ್ನುವ ಹಾಗೆ. ನಾನು ಬೇಕೆಂದೇ ಆ ಥರ ಹೇಳಿದ್ದೆ. ನಾಳೆ ಏನಾದರೂ ಆದರೆ 'ಹೇಳಿದ್ನಲ್ಲ' ಅನ್ನಬಹುದು, ಇವತ್ತು ಬೆಲೆಯೂ ಇಳಿಯುವುದಿಲ್ಲ. ಆ ಒಂದು ವಾಕ್ಯವನ್ನು ನಾನು ಎಷ್ಟು ಜಾಣತನದಿಂದ ಜೋಡಿಸಿದ್ದೆ ಅಂದರೆ, ಅದರ ಅರ್ಧದಷ್ಟು ಶ್ರಮ ಆಫೀಸಿನ ಇಮೇಲಿಗೆ ಹಾಕಿದ್ದರೆ ಪ್ರಮೋಷನ್ ಆಗುತ್ತಿತ್ತು.

ರಾತ್ರಿ ನಿದ್ದೆ ಬರದಿದ್ದಾಗ ನಮ್ಮಂಥವರು ಮಾಡುವುದು ಒಂದೇ, ಗೂಗಲ್. ಕಾನೂನು ಏನು ಹೇಳುತ್ತದೆ ಅಂತ ಹುಡುಕಿದೆ. ಸಮಾಧಾನಕ್ಕೆ ಹುಡುಕಿದ್ದು ಅಂತ ಒಪ್ಪಿಕೊಳ್ಳುತ್ತೇನೆ. 1872ರ ಭಾರತೀಯ ಕರಾರು ಕಾಯ್ದೆಯ 17ನೇ ಕಲಮಿನಲ್ಲಿ ವಂಚನೆ ಅಂದರೇನು ಅಂತ ಇದೆ. ಬರೀ ಸುಮ್ಮನಿರುವುದು ವಂಚನೆಯಲ್ಲ, ಮಾತಾಡಲೇಬೇಕಾದ ಕರ್ತವ್ಯವಿಲ್ಲದಿದ್ದರೆ, ಅನ್ನುತ್ತದೆ. ಅದಕ್ಕೆ ಕೊಟ್ಟಿರುವ ಉದಾಹರಣೆಗಳು ಕುದುರೆ ವ್ಯಾಪಾರದವು. ಒಬ್ಬ ತನ್ನ ಕುದುರೆಯಲ್ಲಿ ಊನವಿದೆ ಅಂತ ಗೊತ್ತಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ವಂಚನೆಯಲ್ಲ. ಅಬ್ಬ ಅಂದುಕೊಂಡೆ. ಮುಂದಿನ ಉದಾಹರಣೆ: ಕೊಳ್ಳುವವಳು ಅವನದೇ ಮಗಳು, ಈಗಷ್ಟೇ ಪ್ರಾಯಕ್ಕೆ ಬಂದವಳು. ಆಗ ಹೇಳಲೇಬೇಕು, ಸಂಬಂಧವೇ ಆ ಕರ್ತವ್ಯವನ್ನು ತರುತ್ತದೆ. ಅದರ ಮುಂದಿನದು: 'ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿಯಾಗಿದೆ ಅಂದುಕೊಳ್ಳುತ್ತೇನೆ' ಅಂತ ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೂ ಮಾತೇ.

'ಇನ್ನೇನಾದ್ರೂ ಹೇಳೋದಿದೆಯಾ ಸಾರ್?' ಇದು ಯಾವ ಉದಾಹರಣೆಯೊಳಗೆ ಬರುತ್ತದೆ ಅಂತ ವಕೀಲರು ವಾದಿಸಲಿ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಮಗಳು. 150 ವರ್ಷದ ಹಿಂದೆ ಇದನ್ನು ಬರೆದವರಿಗೂ ಗೊತ್ತಿತ್ತು, ಹೇಳುವುದೇ ಸರಿ ಅಂತ. ಮಗಳಿಗಾದರೆ ಕಡ್ಡಾಯ, ಊರವರಿಗೆ ಮಾಫಿ. ಅಂದರೆ ಪ್ರಶ್ನೆ ಇರುವುದು ಸತ್ಯದ ಬಗ್ಗೆ ಅಲ್ಲವೇ ಅಲ್ಲ, ನಮ್ಮವರು ಅನ್ನುವ ಬೇಲಿಯನ್ನು ಎಲ್ಲಿ ಹಾಕುತ್ತೇವೆ ಅನ್ನುವುದರ ಬಗ್ಗೆ.

ಈ ಬೇಲಿ ನನಗೆ ಹೊಸದೇನೂ ಆಗಿರಲಿಲ್ಲ. ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪ ಶಿವರಾತ್ರಿಗೆ ಸಿದ್ಧಗಂಗೆಯ ದನದ ಜಾತ್ರೆಗೆ ನನ್ನನ್ನು ಕರೆದುಕೊಂಡು ಹೋಗಿದ್ದ. ಒಂದು ಎತ್ತು ಮಾರಬೇಕಿತ್ತು. ಹಳ್ಳಿಕಾರ್, ನೋಡಲು ಲಕ್ಷಣವಾಗಿತ್ತು, ಸುಳಿ ಸರಿ, ನಾಲ್ಕು ಹಲ್ಲು, ನಡಿಗೆ ಚೆನ್ನ. ಒಂದೇ ಐಬು. ಉಳುವಾಗ ಬಿಸಿಲೇರಿದರೆ ಸಾಲಿನಲ್ಲೇ ಮಲಗಿಬಿಡುತ್ತಿತ್ತು. ಹೊಡೆದರೂ ಏಳುತ್ತಿರಲಿಲ್ಲ. ಜಾತ್ರೆಯಲ್ಲಿ ಕಟ್ಟಿಹಾಕಿದ ಎತ್ತಿನಲ್ಲಿ ಇದು ಯಾರಿಗೂ ಕಾಣುವುದಿಲ್ಲ, ತಣ್ಣಗಿರುವ ಇಂಜಿನ್ನಿನಲ್ಲಿ ಗುಳ್ಳೆ ಕಾಣದ ಹಾಗೆ.

ಬೆಳಿಗ್ಗೆ ಒಬ್ಬರು ಬಂದರು. ಮಾತಾಡುತ್ತಾ ಗೊತ್ತಾಯಿತು, ನಮ್ಮ ಅತ್ತೆಯನ್ನು ಕೊಟ್ಟ ಊರಿನ ಪಕ್ಕದವರು. ಅಪ್ಪ ಅವರನ್ನು ಆಚೆ ಕರೆದು, 'ಇದು ನಿಮಗೆ ಬೇಡ ಅಣ್ಣ, ಮಲಗುತ್ತೆ' ಅಂದ. ಅವರು ಬೆನ್ನು ತಟ್ಟಿ ಹೋದರು. ಸಂಜೆ ಬಳ್ಳಾರಿ ಕಡೆಯವರೊಬ್ಬರು ಬಂದರು. ದಲ್ಲಾಳಿ ಟವೆಲ್ ಕೆಳಗೆ ಇಬ್ಬರ ಬೆರಳು ಹಿಡಿದು ವ್ಯಾಪಾರ ಮುಗಿಸಿದ. ಅಪ್ಪ ತುಟಿ ಬಿಚ್ಚಲಿಲ್ಲ. ವಾಪಸ್ ಬರುವಾಗ ಟೆಂಪೊದಲ್ಲಿ ಕೇಳಿದೆ, ಯಾಕಪ್ಪ ಹೇಳ್ಲಿಲ್ಲ ಅಂತ. 'ಅವ್ರು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ದನ ಕೊಳ್ಳೋನಿಗೆ ಕಣ್ಣಿರ್ಬೇಕು' ಅಂದ. ಆ ದುಡ್ಡಿನಲ್ಲಿ ಅಕ್ಕನ ಹಾಸ್ಟೆಲ್ ಫೀಸು ಕಟ್ಟಿದ್ದು ನನಗೆ ಗೊತ್ತು. ಹಾಗಾಗಿ ಅಪ್ಪನನ್ನು ನ್ಯಾಯಕ್ಕೆ ನಿಲ್ಲಿಸುವ ಯೋಗ್ಯತೆ ನನಗಿಲ್ಲ. ಎಂಬತ್ತೈದು ಸಾವಿರದಲ್ಲಿ ನಾನು ಕಟ್ಟಬೇಕಾದ ಫೀಸೇನೂ ಇರಲಿಲ್ಲ.

ಓದಿದವರಿಗೆ ಸಬೂಬುಗಳು ಹೆಚ್ಚು. ನನಗೆ ಸಿಕ್ಕ ಒಳ್ಳೇ ಸಬೂಬು ಅರ್ಥಶಾಸ್ತ್ರದ್ದು. ಜಾರ್ಜ್ ಅಕರ್ಲಾಫ್ ಅನ್ನುವವರು 1970ರಲ್ಲಿ ಹಳೇ ಕಾರಿನ ಮಾರುಕಟ್ಟೆಯ ಬಗ್ಗೆಯೇ ಒಂದು ಪ್ರಬಂಧ ಬರೆದರು. 2001ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಅವರೊಬ್ಬರು. ಸಾರಾಂಶ ಇಷ್ಟು: ಕಾರಿನ ಐಬು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಎಲ್ಲಾ ಕಾರಿನಲ್ಲೂ ಐಬಿರಬಹುದು ಅಂತ ಲೆಕ್ಕ ಹಾಕಿಯೇ ಬೆಲೆ ಕಟ್ಟುತ್ತಾನೆ. ಆ ಬೆಲೆಗೆ ಒಳ್ಳೆ ಕಾರಿನವರು ಮಾರಲು ಬರುವುದೇ ಇಲ್ಲ, ಕೆಟ್ಟವೇ ಉಳಿಯುತ್ತವೆ. ಸರಿ, ಹಾಗಾದರೆ ಎಂಬತ್ತೈದು ಸಾವಿರ ಅನ್ನುವ ಬೆಲೆಯಲ್ಲೇ ಅನುಮಾನ ಸೇರಿಕೊಂಡಿದೆ. ನಾನು ಬಾಯಿಬಿಟ್ಟು ಹೇಳಿದರೆ ಮತ್ತೆ ಇಳಿಸುತ್ತಾರೆ. ಒಂದೇ ಐಬಿಗೆ ನಾನು ಎರಡು ಸಲ ಯಾಕೆ ಕಟ್ಟಲಿ?

ಈ ವಾದ ನನಗೆ ಎರಡು ದಿನ ನಿಂತಿತು. ಮೂರನೇ ದಿನ ಹೊಸ ಕಾರಿನ ಬಾನೆಟ್ ಎತ್ತಿ ಡಬ್ಬಿ ನೋಡುವಾಗ ಬಿದ್ದುಹೋಯಿತು. ಅಭ್ಯಾಸಬಲದಿಂದ ನೋಡುತ್ತಿದ್ದೆ. ಆಗ ಹೊಳೆಯಿತು, ಆ ಮನುಷ್ಯ ತನ್ನ ಅನುಮಾನಕ್ಕೆ ಹತ್ತು ಸಾವಿರ ಇಳಿಸಿಕೊಂಡಿದ್ದಾರೆ ನಿಜ. ಆದರೆ ಮುಳ್ಳು ಏರಿದರೆ ಆ ಕ್ಷಣವೇ ನಿಲ್ಲಿಸಬೇಕು, ಏರಿ ಇಳಿದರೆ ಇನ್ನೂ ಅಪಾಯ ಅನ್ನುವುದು ಅವರಿಗೆ ಗೊತ್ತಾ? ನಿಲ್ಲಿಸಲು ಜಾಗ ಸಿಗುವವರೆಗೆ ಹೀಟರನ್ನು ಪೂರ್ತಿ ತಿರುಗಿಸಿದರೆ ಇಂಜಿನ್ನಿನ ಬಿಸಿ ಒಂದಿಷ್ಟು ಒಳಗೆ ಬಂದು ನಾವು ಬೆವೆತರೂ ಹೆಡ್ಡು ಉಳಿಯಬಹುದು ಅನ್ನುವುದು? ಎರಡು ತಿಂಗಳಿಗೆ ಕಾಲು ಲೀಟರ್ ಅನ್ನುವ ಲೆಕ್ಕ? ಹತ್ತು ಸಾವಿರದಲ್ಲಿ ಇದಾವುದೂ ಬರುವುದಿಲ್ಲ. ಐಬು ಅಂದರೆ ಬೆಲೆಯೊಳಗಿನ ಒಂದು ಸಂಖ್ಯೆ ಅಂತ ಅಂದುಕೊಂಡಿದ್ದೆ. ಈ ಕಾರಿನ ಮಟ್ಟಿಗೆ ಐಬನ್ನು ತಿಳಿದಿರುವುದೇ ಅದರ ರಿಪೇರಿ. ತಿಳಿದವನ ಕೈಯಲ್ಲಿ ನಾಲ್ಕು ವರ್ಷ ಓಡುವ ಗಾಡಿ ತಿಳಿಯದವನ ಕೈಯಲ್ಲಿ ನಾಲ್ಕು ದಿನ. ಅಂದರೆ ನಾನು ಕಾರು ಮಾರಿ, ಅದು ಓಡಲು ಬೇಕಾದ ಒಂದು ಭಾಗವನ್ನು ನನ್ನ ಹತ್ತಿರವೇ ಇಟ್ಟುಕೊಂಡಿದ್ದೆ.

ಸಿಸೆರೋನ ಹೆಸರು ಆ ವಾರದ ಓದಿನಲ್ಲೇ ಸಿಕ್ಕಿತು. ರೋಮಿನ ಈ ಮನುಷ್ಯ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗೆ ಕರ್ತವ್ಯಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಅದರ ಮೂರನೇ ಭಾಗದಲ್ಲಿ ಇದೇ ಜಗಳ ಇದೆ. ಒಬ್ಬ ತನ್ನ ಮನೆ ಮಾರುತ್ತಿದ್ದಾನೆ. ಮಲಗುವ ಕೋಣೆಗಳಲ್ಲೆಲ್ಲ ಹಾವು, ಮರಮುಟ್ಟು ಕೆಟ್ಟಿದೆ, ಅವನೊಬ್ಬನಿಗೇ ಗೊತ್ತು. ಹೇಳಬೇಕೇ? ಬ್ಯಾಬಿಲೋನಿನ ಡಯೋಜಿನಿಸ್ ಅನ್ನುವ ಗುರು, ಕೊಳ್ಳುವವನಿಗೇನು ಕಣ್ಣಿಲ್ಲವೇ, ಯಾರೂ ಬಲವಂತ ಮಾಡಿಲ್ಲವಲ್ಲ ಅನ್ನುವ ಕಡೆ. ಅವನ ಶಿಷ್ಯ ಆಂಟಿಪೇಟರ್, ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಾಗಬೇಕು ಅನ್ನುವ ಕಡೆ. ನಮ್ಮಪ್ಪ ಟೆಂಪೊದಲ್ಲಿ ಹೇಳಿದ್ದನ್ನು ಗ್ರೀಕರ ಗುರುವೊಬ್ಬ ಎರಡು ಸಾವಿರ ವರ್ಷದ ಹಿಂದೆಯೇ ವಾದ ಮಾಡಿದ್ದ ಅಂತ ತಿಳಿದು ನನಗೆ ಒಳಗೊಳಗೇ ಹೆಮ್ಮೆಯಾಯಿತು. ಸಿಸೆರೋ ಮಾತ್ರ ಶಿಷ್ಯನ ಕಡೆ ನಿಂತ. ಸುಮ್ಮನಿರುವುದೆಲ್ಲ ಮುಚ್ಚಿಡುವುದಲ್ಲ, ಆದರೆ ತಿಳಿದರೆ ಅವನಿಗೆ ಉಪಯೋಗವಾಗುವುದನ್ನು ನಿನ್ನ ಲಾಭಕ್ಕಾಗಿ ಅವನಿಗೆ ತಿಳಿಯದಂತೆ ಮಾಡಿದರೆ ಅದು ಮುಚ್ಚಿಡುವುದೇ ಅನ್ನುವುದು ಅವನ ತೀರ್ಮಾನ.

ಆಫೀಸಿನಲ್ಲಿ ನಾನು ಇದನ್ನೇ ದಿನಾ ಮಾಡುತ್ತೇನೆ ಅನ್ನುವುದು ಇನ್ನೊಂದು ತಮಾಷೆ. ಒಂದು ಸರ್ವಿಸ್ ಮೆಮೊರಿ ತಿಂದು ತಿಂದು ಬೀಳುತ್ತಿತ್ತು. ಮೂಲ ಹುಡುಕಲು ಪುರಸೊತ್ತಿಲ್ಲದೆ ದಿನಾ ರಾತ್ರಿ ಎರಡಕ್ಕೆ ರೀಸ್ಟಾರ್ಟ್ ಆಗುವ ಹಾಗೆ ಮಾಡಿಟ್ಟಿದ್ದೆವು. ಫ್ಯಾನಿಗೆ ಡೈರೆಕ್ಟ್ ವೈರು ಕೊಟ್ಟ ಹಾಗೆಯೇ. ಬೇರೆ ಟೀಮಿಗೆ ಹಸ್ತಾಂತರಿಸುವಾಗ ಅದನ್ನು ಡಾಕ್ಯುಮೆಂಟಿನ ಮೊದಲ ಪುಟದಲ್ಲೇ ಬರೆದೆ. ಬರೆಯಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಬರಲಿಲ್ಲ. ಯಾಕೆ? ಅವರು ಮೂರನೇ ಮಹಡಿಯಲ್ಲಿ ಕೂರುತ್ತಾರೆ, ನಾಳೆ ಕ್ಯಾಂಟೀನಿನಲ್ಲಿ ಸಿಗುತ್ತಾರೆ. ಅವರೆಲ್ಲ ನನ್ನ ಅತ್ತೆಯೂರಿನ ಪಕ್ಕದವರು. ಎಲೆಕ್ಟ್ರಿಷಿಯನ್ ಬಳ್ಳಾರಿಯವರು.

ಇಷ್ಟೆಲ್ಲ ಗೊತ್ತಾದ ಮೇಲೂ ನಾನು ಫೋನು ಮಾಡಲಿಲ್ಲ. ಇದನ್ನು ಬರೆಯದೆ ಬಿಟ್ಟರೆ ಮತ್ತೆ ಅರ್ಧ ಹೇಳಿದ ಹಾಗಾಗುತ್ತದೆ. ತಿಳಿದದ್ದಕ್ಕೂ ಮಾಡಿದ್ದಕ್ಕೂ ನಡುವೆ ಹತ್ತು ದಿನ ಇತ್ತು, ಆ ಹತ್ತು ದಿನ ನಾನು ಆರಾಮಾಗಿ ಆಫೀಸಿಗೆ ಹೋಗಿ ಬಂದೆ.

ಕೊನೆಗೆ ಅವರೇ ಮಾಡಿದರು. ಹೆಸರು ನೋಡಿ ಎದೆ ಧಸಕ್ಕೆಂದಿತು. ಎರಡನೇ ಕೀಲಿ ನಿಮ್ಮಲ್ಲೇ ಉಳಿದಿದೆಯಾ ಅಂತ ಕೇಳಲು ಮಾಡಿದ್ದರು. 'ಗಾಡಿ ಸೂಪರಾಗಿದೆ ಸಾರ್. ಭಾನುವಾರ ಧರ್ಮಸ್ಥಳಕ್ಕೆ ಹೋಗ್ತಿದೀವಿ, ಶಿರಾಡಿ ಮೇಲೆ. ಅತ್ತೆ ಮಾವನೂ ಬರ್ತಾರೆ.'

ಐದು ಜನ, ಹೋಗುವಾಗ ಹೇಗೋ, ಬರುವಾಗ ಶಿರಾಡಿ ಏರಬೇಕು. ಲೋ ಗೇರಿನಲ್ಲಿ, ಲಾರಿಗಳ ಹಿಂದೆ, ಗಾಳಿ ಆಡದೆ.

ಹೇಳಿದೆ. ಹೆಡ್ಡು, ಫೇಸಿಂಗು, ಗುಳ್ಳೆ, ಕಾಲು ಲೀಟರು, ಎಲ್ಲಾ. ಆ ಕಡೆಯಿಂದ ಬಹಳ ಹೊತ್ತು ಸದ್ದಿಲ್ಲ. ಡ್ರಿಲ್ಲಿಂಗ್ ಮಷೀನು ಓಡುತ್ತಿರುವುದು ಮಾತ್ರ ಕೇಳುತ್ತಿತ್ತು. ಆಮೇಲೆ, 'ಆವತ್ತೇ ಕೇಳಿದ್ನಲ್ಲ ಸಾರ್' ಅಂದರು. ನನ್ನ ಹತ್ತಿರ 'ಕೂಲೆಂಟ್ ನೋಡ್ಕೊಳ್ಳಿ ಅಂದಿದ್ನಲ್ಲ' ಅನ್ನುವ ಉತ್ತರ ಸಿದ್ಧವಾಗಿತ್ತು. ಅದಕ್ಕೇ ತಾನೇ ಜೋಡಿಸಿಟ್ಟಿದ್ದು. ನಾಲಿಗೆ ಏಳಲಿಲ್ಲ. ಗಾಡಿ ವಾಪಸ್ ತಗೊಂಡು ದುಡ್ಡು ಕೊಡ್ತೀನಿ ಅಂದೆ. ಹೆಂಡತಿಯನ್ನು ಕೇಳಿ ಹೇಳ್ತೀನಿ ಅಂದರು. ಮಾರನೇ ದಿನ ಫೋನು ಮಾಡಿ, ಗಾಡಿ ಇರಲಿ, ಮಗಳು ಬಿಡಲ್ಲ ಅಂತಾಳೆ, ಹದಿನೈದು ಸಾವಿರ ವಾಪಸ್ ಕೊಡಿ ಅಂದರು. ಕೊಟ್ಟೆ. ಚೌಕಾಸಿ ಮಾಡಬೇಕು ಅಂತ ಒಂದು ಕ್ಷಣ ಅನ್ನಿಸಿತು, ಅದನ್ನೂ ಹೇಳಿಬಿಡುತ್ತೇನೆ. ಧರ್ಮಸ್ಥಳಕ್ಕೆ ಅವರು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಹೋದರು.

ಮುಂದಿನ ಸಲ ಊರಿಗೆ ಹೋದಾಗ ಅಪ್ಪನಿಗೆ ಇದನ್ನೆಲ್ಲ ಹೇಳಿದೆ. ಎತ್ತಿನ ವಿಷಯ ನಾನು ತೆಗೆಯಲಿಲ್ಲ. ಅಪ್ಪ ಸುಲಿದ ಕೊಬ್ಬರಿ ಚಿಪ್ಪನ್ನು ಪಕ್ಕಕ್ಕೆ ಎಸೆಯುತ್ತಾ ಕೇಳಿಸಿಕೊಂಡ. ಆಮೇಲೆ ತಾನಾಗಿಯೇ ಅಂದ: 'ಅವನ ಹೆಗಲ ಮೇಲೆ ಕೆಂಪು ಟವಲ್ಲಿತ್ತು. ಒಬ್ಬ ಹುಡುಗನ್ನೂ ಕರ್ಕೊಂಡು ಬಂದಿದ್ದ, ನಿನ್ನಷ್ಟೇ ಇದ್ದ.' ನನಗೆ ಆ ಹುಡುಗ ನೆನಪಿರಲಿಲ್ಲ.

ಎಲೆಕ್ಟ್ರಿಷಿಯನ್ ಈಗಲೂ ಆಗಾಗ ಫೋನು ಮಾಡುತ್ತಾರೆ. ಶುರುವಿನಲ್ಲಿ ಬಿಗುವಾಗಿದ್ದರು, ಈಗ ಪರವಾಗಿಲ್ಲ. ಅವರ ಪ್ರಕಾರ ಗಾಡಿ ಎರಡೂವರೆ ತಿಂಗಳಿಗೆ ಕಾಲು ಲೀಟರ್ ಕುಡಿಯುತ್ತಿದೆ, ನನ್ನ ಕೈಯಲ್ಲಿದ್ದಾಗಿಗಿಂತ ಕಡಿಮೆ. ಹೋದ ತಿಂಗಳು ನಮ್ಮ ಮನೆ ಹತ್ತಿರ ಕೆಲಸಕ್ಕೆ ಬಂದವರು ಗೇಟಿನ ಮುಂದೆ ನಿಲ್ಲಿಸಿದರು. ಬಾನೆಟ್ ಎತ್ತಿದೆವು. ಡಬ್ಬಿ ಕೆಳಗಿನ ಗೆರೆಗಿಂತ ಒಂದು ಬೆರಳು ಕಮ್ಮಿಯಿತ್ತು. ನನ್ನ ಹತ್ತಿರ ಉಳಿದಿದ್ದ ಹಸಿರು ಕೂಲೆಂಟನ್ನು ಸುರಿದೆ. ಅವರಿಗೆ ದೊಡ್ಡ ಗಾಡಿ ಬೇಕಂತೆ, ಸಾಮಾನು ಹಿಡಿಯುವುದಿಲ್ಲವಂತೆ, ಇದನ್ನು ಮಾರುವ ಯೋಚನೆಯಲ್ಲಿದ್ದಾರೆ.

'ಸಾರ್, ಕೊಳ್ಳೋರಿಗೆ ಇದೆಲ್ಲಾ ಹೇಳ್ಬೇಕಾ?'

'ಹೇಳಿ. ಬೇಕಿದ್ರೆ ನನ್ನ ನಂಬರ್ ಕೊಡಿ, ನಾನೇ ವಿವರವಾಗಿ ಹೇಳ್ತೀನಿ.'

ಅವರು ಡಬ್ಬಿಯ ಮುಚ್ಚಳ ತಿರುಗಿಸುತ್ತಾ ನಕ್ಕರು. 'ನೀವು ವಿವರವಾಗಿ ಹೇಳಿದ್ರೆ ಯಾರು ಸಾರ್ ತಗೋತಾರೆ?'